ಆ ಫೈಲ್ ಮಾವನ ಬೀರುವಿನಲ್ಲಿ ಯಾಕಿದೆ?

ಈ ವಾರ ಬಂದ ಪತ್ರಗಳಲ್ಲಿ ಆಸ್ತಿ ಜಗಳದ್ದು, ಮದುವೆ ಬೇಡ ಎನ್ನುವ ಮಗಳದ್ದು ಎಲ್ಲ ಇದ್ದವು. ಅವರೆಲ್ಲ ಸ್ವಲ್ಪ ಕಾಯಲಿ. ಮಂಡ್ಯ ಜಿಲ್ಲೆಯ ಈ ಹೆಣ್ಣುಮಗಳಿಗೆ ಮೊದಲು ಉತ್ತರ ಬರೆಯುತ್ತೇನೆ. ಓದಿ ಮೈ ಉರಿಯಿತು, ಅದಕ್ಕೆ.

ಸಂಗತಿ ಇಷ್ಟು. ಗಂಡನಿಗೆ 26 ವರ್ಷ. ಕಬಡ್ಡಿ ರೈಡರ್, ಲೀಗ್ ಆಡಿದವರು. ಪಂದ್ಯದಲ್ಲಿ ಮಂಡಿ ತಿರುಚಿ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟು, ಹರಿಯಿತು. ಏಳು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಖರ್ಚನ್ನು ತಂಡವೇ ಕೊಟ್ಟಿತು. ಆಮೇಲೆ ಸೀಸನ್ ಮುಗಿಯಿತು, ಅಗ್ರಿಮೆಂಟು ಮುಗಿಯಿತು, ತಂಡದವರ ಫೋನೂ ನಿಂತಿತು. ಕ್ರೀಡಾ ಕೋಟಾದಲ್ಲಿ ಸಿಕ್ಕ ಕೆಲಸವೊಂದಿದೆ. ಆ ಕಚೇರಿಯವರು ‘ನಮ್ಮ ಟೀಮಿಗೆ ಯಾವಾಗ ಬರ್ತೀಯಪ್ಪ’ ಅಂತ ಕೇಳುತ್ತಿದ್ದಾರೆ. ಅತ್ತೆ ಪುತ್ತೂರು ಕಟ್ಟು ಹಾಕಿಸೋಣ ಎನ್ನುತ್ತಾರೆ. ಗಂಡನ ಸೋದರಮಾವ, ಅಂದರೆ ಅವರಿಗೆ ಮೊದಲು ಆಟ ಕಲಿಸಿದವರು, ಮುಂದಿನ ತಿಂಗಳು ಊರಹಬ್ಬಕ್ಕೆ ಹೊನಲು ಬೆಳಕಿನ ಪಂದ್ಯಾವಳಿ ಇಟ್ಟುಕೊಂಡಿದ್ದಾರೆ. ಅಳಿಯನ ಫೋಟೊ ಹಾಕಿ ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿಸಿಯೂ ಆಗಿದೆ. ಇತ್ತ ಮಂಡಿ ಮಾತ್ರ ಸಾಯಂಕಾಲವಾದರೆ ಊದಿಕೊಳ್ಳುತ್ತದೆ. ಯಾರು ಫೋನ್ ಮಾಡಿದರೂ ಗಂಡ ಅದನ್ನು ಹೆಂಡತಿ ಕೈಗೆ ಕೊಡುತ್ತಾರೆ. ‘ಇನ್ನೂ ಆಗಲ್ಲ’ ಅನ್ನುವುದು ಇವರ ಕೆಲಸ. ‘ಹೆಂಡ್ತಿ ಬಿಡ್ತಿಲ್ಲ’ ಅನ್ನುವುದು ಊರಿನವರ ಕೆಲಸ.

‘ಇವರ ಕಾಲಿನ ಜವಾಬ್ದಾರಿ ನಿಜವಾಗಿ ಯಾರದು ಅಕ್ಕಾ?’ ಅಂತ ಕೇಳಿದ್ದೀರಿ.

ತಂಗೀ, ಆ ಫ್ಲೆಕ್ಸ್ ಬಗ್ಗೆ ನೀವು ಒಂದೂವರೆ ಪುಟ ಬರೆದಿದ್ದೀರಿ. ಫೋಟೊ ಯಾವುದು, ಬಣ್ಣ ಯಾವುದು, ಪಕ್ಕದಲ್ಲಿ ಯಾವ ಪುಢಾರಿ ಕೈ ಮುಗಿದಿದ್ದಾರೆ ಎಲ್ಲವೂ ಇದೆ. ಆದರೆ ಕೊನೆಯ ಪುಟದಲ್ಲಿ, ಆವರಣ ಚಿಹ್ನೆಯೊಳಗೆ, ಸುಮ್ನೆ ನೆನಪಾಯಿತು ಅನ್ನುವ ಹಾಗೆ ಒಂದು ಸಾಲು ಸೇರಿಸಿದ್ದೀರಿ: ‘ಎಂಆರ್‌ಐ, ಡಿಸ್ಚಾರ್ಜ್ ಪೇಪರು, ಅಗ್ರಿಮೆಂಟು ಎಲ್ಲಾ ಇವರ ಸೋದರಮಾವನ ಮನೆ ಬೀರುವಿನಲ್ಲಿ ಇವೆ, ಮೊದಲಿಂದ ಅವರೇ ನೋಡಿಕೊಳ್ಳುತ್ತಾರೆ.’

ಯಾಕೆ?

ಕಾಲು ನಿಮ್ಮ ಮನೆಯಲ್ಲಿ, ಕಾಲಿನ ಕಾಗದ ಮಾವನ ಮನೆಯಲ್ಲಿ! ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತು. ಕಾಗದ ಯಾರ ಕೈಯಲ್ಲಿ ಇರುತ್ತದೋ ಯಜಮಾನಿಕೆ ಅವರದು. ಹೊಲದ ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು, ಮಗುವಿನ ಟಿಸಿ ಎಲ್ಲದರಲ್ಲೂ ಇದನ್ನೇ ಹೇಳಿದ್ದೇನೆ. ಈಗ ಮಂಡಿಯ ಎಂಆರ್‌ಐ ವಿಷಯದಲ್ಲೂ ಹೇಳಬೇಕಾಗಿ ಬಂದಿದೆ. ನಿಮ್ಮ ಪತ್ರ ಮತ್ತೆ ಓದಿ ನೋಡಿ. ಇಷ್ಟು ಜನ ಆ ಮಂಡಿಯ ಬಗ್ಗೆ ಮಾತಾಡುತ್ತಿದ್ದಾರೆ, ಅದರೊಳಗೆ ಏನು ಮಾಡಿದ್ದಾರೆ ಅಂತ ಒಬ್ಬರಿಗೂ ಗೊತ್ತಿಲ್ಲ. ಬರೀ ಎಸಿಎಲ್ ಕಟ್ಟಿದರಾ, ಜೊತೆಗೆ ಮೂಳೆಗಳ ನಡುವಿನ ಮೆತ್ತೆ, ಆ ಮೆನಿಸ್ಕಸ್ಸನ್ನೂ ಹೊಲಿದರಾ? ಹೊಲಿದಿದ್ದರೆ ಬಗ್ಗುವುದು, ಕುಕ್ಕರಗಾಲಲ್ಲಿ ಕೂರುವುದು, ಓಡುವುದು ಎಲ್ಲದರ ಲೆಕ್ಕವೂ ಬೇರೆಯಾಗುತ್ತದೆ. ಅದು ಡಿಸ್ಚಾರ್ಜ್ ಪೇಪರಿನಲ್ಲಿ ಬರೆದಿರುತ್ತದೆ. ಪೇಪರು ಬೀರುವಿನಲ್ಲಿದೆ. ಬೀರುವಿನ ಕೀ ಮಾವನ ಸೊಂಟದಲ್ಲಿದೆ.

‘ಏಳು ತಿಂಗಳಾಯ್ತಲ್ಲ, ಇನ್ನೂ ಎಷ್ಟು?’ ಅಂತ ಕೇಳುವವರಿಗೆ ಹೇಳಲು ನಿಮಗೊಂದಿಷ್ಟು ವಿಷಯ ಕೊಡುತ್ತೇನೆ. ಹರಿದ ಎಸಿಎಲ್ ಅನ್ನು ಹಾಗೇ ಹೊಲಿದು ಬಿಡುವುದಿಲ್ಲ. ಸಾಮಾನ್ಯವಾಗಿ ತೊಡೆಯ ಹಿಂಭಾಗದ್ದೋ ಮಂಡಿಚಿಪ್ಪಿನ ಕೆಳಗಿನದ್ದೋ ಸ್ನಾಯುರಜ್ಜು ತೆಗೆದು, ಮೂಳೆಯಲ್ಲಿ ರಂಧ್ರ ಕೊರೆದು ಅದನ್ನು ಕೂರಿಸುತ್ತಾರೆ. ಅಲ್ಲಿ ಹೊಸದಾಗಿ ರಕ್ತನಾಳ ಬೆಳೆದು, ಆ ರಜ್ಜು ನಿಧಾನವಾಗಿ ಲಿಗಮೆಂಟಿನ ಕೆಲಸ ಕಲಿಯಬೇಕು. ಮೊದಲ ಕೆಲವು ತಿಂಗಳು ಅದು ಆಪರೇಷನ್ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ನೋವು ಹೋಗುವುದು ಬೇಗ, ಬಲ ಬರುವುದು ತಡ. ಮೋಸ ಆಗುವುದೇ ಇಲ್ಲಿ. ಗದ್ದೆಗೆ ನಾಟಿ ಹಾಕಿದ ಪೈರು ಹಸಿರಾಗಿ ಕಂಡ ತಕ್ಷಣ ಬೇರು ಹಿಡಿದಿದೆ ಅಂತ ಯಾವ ಮಂಡ್ಯದ ರೈತನೂ ಅಂದುಕೊಳ್ಳುವುದಿಲ್ಲ, ಅಲ್ವಾ?

ನಾರ್ವೆ ಮತ್ತು ಅಮೆರಿಕದ ತಜ್ಞರು ಎಸಿಎಲ್ ಆಪರೇಷನ್ ಆದವರನ್ನು ಹಿಂಬಾಲಿಸಿ ನೋಡಿ 2016ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕರ್ಧ ಇಳಿದಿತ್ತು. ನಿಮ್ಮ ಊರಹಬ್ಬ ಬರುವುದು ಎಂಟನೇ ತಿಂಗಳಿಗೆ. ಇನ್ನೊಂದು ಮಾತು, ಒಂಬತ್ತು ತಿಂಗಳು ತುಂಬಿದ ಕೂಡಲೇ ಯಾರೂ ಗೇಟು ತೆಗೆಯುವುದಿಲ್ಲ. ಆಪರೇಷನ್ ಆದ ಕಾಲಿನ ತೊಡೆಗೆ ಇನ್ನೊಂದು ಕಾಲಿನ ಶೇಕಡ 90ರಷ್ಟಾದರೂ ಬಲ ಬಂದಿದೆಯಾ ಅಂತ ಅಳೆಯುತ್ತಾರೆ. ಒಂಟಿಕಾಲಲ್ಲಿ ಜಿಗಿಸಿ ದೂರ ನೋಡುತ್ತಾರೆ. ಕುಂಟೆಬಿಲ್ಲೆ ಆಡಿಸಿದ ಹಾಗೆ ಕಾಣುತ್ತದೆ, ಆದರೆ ಅದೇ ಪರೀಕ್ಷೆ. ನಿಮ್ಮ ಪತ್ರದಲ್ಲಿ ಇಂಥ ಪರೀಕ್ಷೆಯ ಮಾತೇ ಇಲ್ಲ.

ಅದೂ ಯಾವ ಆಟಕ್ಕೆ? ರೈಡರ್ 30 ಸೆಕೆಂಡಿನೊಳಗೆ ನುಗ್ಗಬೇಕು, ಕಾಲು ಚಾಚಬೇಕು, ಒಂದೇ ಕಾಲಿನ ಮೇಲೆ ಗಿರ್ರನೆ ತಿರುಗಬೇಕು. ಅಷ್ಟರಲ್ಲಿ ಕಾರ್ನರ್‌ನವನು ಆ್ಯಂಕಲ್ ಹಿಡಿದಿರುತ್ತಾನೆ, ಉಳಿದವರು ಮೈಮೇಲೆ ಬಿದ್ದಿರುತ್ತಾರೆ. ಪಾದ ಒಂದು ಕಡೆ, ಮೈ ಇನ್ನೊಂದು ಕಡೆ, ನಡುವೆ ಮಂಡಿ. ಎಸಿಎಲ್‌ಗೆ ಇದಕ್ಕಿಂತ ಕೆಟ್ಟ ಆಟ ಹುಡುಕುವುದು ಕಷ್ಟ. ಊರಹಬ್ಬದ ಅಂಕಣದ ಪಕ್ಕ ಫಿಸಿಯೊ ಇರುತ್ತಾರಾ? ಡಿಜೆ ಇರುತ್ತದೆ.

ಇನ್ನು ಮಾವನವರು. ಮಾತೆತ್ತಿದರೆ ಅನಿಲ್ ಕುಂಬ್ಳೆ ಉದಾಹರಣೆ ಕೊಡುತ್ತಾರಂತೆ. ‘ದವಡೆ ಮುರಿದರೂ ಬೌಲಿಂಗ್ ಮಾಡಿದ ಗಂಡು, ನಿಂದೇನೋ ಮಂಡಿ’ ಅಂತ. ಈ ಕಥೆಯನ್ನು ನಾನು ಸನ್ಮಾನ ಸಮಾರಂಭಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಸನ್ಮಾನ ಸಮಾರಂಭಗಳ ಬಗ್ಗೆ ನನಗಿರುವ ಅಭಿಪ್ರಾಯವೂ ನಿಮಗೆಲ್ಲ ಗೊತ್ತೇ ಇದೆ. 2002ರಲ್ಲಿ ಆಂಟಿಗಾದಲ್ಲಿ ಕುಂಬ್ಳೆ ಮುಖಕ್ಕೆ ಪಟ್ಟಿ ಕಟ್ಟಿಕೊಂಡು 14 ಓವರ್ ಹಾಕಿದ್ದು ನಿಜ. ಲಾರಾ ವಿಕೆಟ್ ತೆಗೆದದ್ದೂ ನಿಜ. ಮರುದಿನ ಏನು ಮಾಡಿದರು ಅಂತ ಯಾವ ಭಾಷಣಕಾರರೂ ಹೇಳುವುದಿಲ್ಲ. ಆಪರೇಷನ್‌ಗೆ ಅಂತ ಬೆಂಗಳೂರಿಗೆ ವಿಮಾನ ಹತ್ತಿದರು. ಅದಕ್ಕೂ ಮೊದಲು ಭುಜಕ್ಕೆ ಆಪರೇಷನ್ ಆಗಿದ್ದಾಗ, 2001ರಲ್ಲಿ ಆಸ್ಟ್ರೇಲಿಯಾ ಇಲ್ಲಿಗೆ ಬಂದಿದ್ದ ಟೆಸ್ಟ್ ಸರಣಿಯನ್ನೇ ಬಿಟ್ಟರು. ಹರ್ಭಜನ್ 32 ವಿಕೆಟ್ ತೆಗೆದ ಸರಣಿ ಅದು. ತನ್ನ ಜಾಗದಲ್ಲಿ ಇನ್ನೊಬ್ಬ ಸ್ಪಿನ್ನರ್ ಹೀರೊ ಆಗುತ್ತಿರುವಾಗಲೂ ಭುಜ ಸರಿಯಾಗುವವರೆಗೆ ಕಾದರು. ಬೌಲಿಂಗಿಗೆ ಬೇಕಾದ್ದು ಭುಜ, ದವಡೆಯಲ್ಲ. ರೈಡರ್‌ಗೆ ಬೇಕಾದ್ದು ಮಂಡಿ. ಮಾವನವರು ಕುಂಬ್ಳೆಯನ್ನು ಅನುಸರಿಸಿ ಅನ್ನುವುದಾದರೆ ಆ ಭುಜದ ಕಥೆಯನ್ನು ಅನುಸರಿಸಲಿ. ಹಾಗೆ ಕಾದವರೇ 2008ರವರೆಗೆ ಟೆಸ್ಟ್ ಆಡಿ 619 ವಿಕೆಟ್‌ಗೆ ನಿಂತದ್ದು.

‘ನೋವಿದ್ರೆ ಒಂದು ಇಂಜೆಕ್ಷನ್ ಹೊಡಿಸಿದ್ರೆ ಆಯ್ತು’ ಅಂದರಂತೆ. ಯಾವ ಇಂಜೆಕ್ಷನ್? ಮಂಡಿಗೆ ಕೊಡುವ ಸ್ಟೀರಾಯ್ಡ್ ಆದರೆ, 2022ರ ಜನವರಿ 1ರಿಂದ ಪಂದ್ಯದ ಸಮಯದಲ್ಲಿ ಅಂಥ ಯಾವ ಇಂಜೆಕ್ಷನ್ನೂ ಉದ್ದೀಪನ ಮದ್ದು ನಿಯಮದ ಪ್ರಕಾರ ನಿಷಿದ್ಧ. ಕೋಟಾ ಕೆಲಸದಲ್ಲಿರುವ ಆಟಗಾರ ಇದನ್ನು ತಮಾಷೆಗೂ ಮಾಡಬಾರದು. ಬೇರೆ ನೋವಿನ ಇಂಜೆಕ್ಷನ್ನೇ ಇರಲಿ. ಸಾಯಂಕಾಲದ ಊತ ಅಂದರೆ ‘ಇವತ್ತು ಜಾಸ್ತಿ ಆಯಿತು’ ಅಂತ ಮಂಡಿ ಹೇಳುತ್ತಿದೆ. ಅದರ ಬಾಯಿ ಮುಚ್ಚಿಸಿ ಅಂಕಣಕ್ಕೆ ಇಳಿಸುತ್ತೇವೆ ಅನ್ನುವವರನ್ನು ನಾನು ಕೋಚ್ ಅಂತ ಕರೆಯಲಾರೆ. ಬೂಮ್ರಾ ಬೆನ್ನಿನ ಕಥೆ ಗೊತ್ತಲ್ಲ? 2022ರ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದರು, ಆಸ್ಟ್ರೇಲಿಯಾ ವಿರುದ್ಧ ಎರಡು ಟಿ20 ಆಡಿದರು, ಮತ್ತೆ ಬೆನ್ನು ಹಿಡಿಯಿತು. ವಿಶ್ವಕಪ್ ಹೋಯಿತು. ಮುಂದಿನ ವರ್ಷ ನ್ಯೂಜಿಲೆಂಡಿನಲ್ಲಿ ಆಪರೇಷನ್, ಮರಳಿ ಆಡಿದ್ದು 2023ರ ಆಗಸ್ಟ್‌ಗೆ. ಅವರ ಬೆನ್ನನ್ನು ನೋಡಿಕೊಳ್ಳಲು ಎಷ್ಟು ಜನ ಇದ್ದರು ಅಂತ ಯೋಚಿಸಿ.

ಜನ ಜಾಸ್ತಿ ಇದ್ದರೆ ಜವಾಬ್ದಾರಿ ಜಾಸ್ತಿ ಇರುತ್ತದೆ ಅಂತೇನೂ ಇಲ್ಲ. 2020ರ ಅಕ್ಟೋಬರ್ 26ರಂದು ರೋಹಿತ್ ಶರ್ಮ ಅವರನ್ನು ಗಾಯದ ಕಾರಣಕ್ಕೆ ಆಸ್ಟ್ರೇಲಿಯಾ ಪ್ರವಾಸದಿಂದ ಬಿಟ್ಟರು. ಅದೇ ದಿನ ಅವರ ಐಪಿಎಲ್ ತಂಡ ಅವರು ನೆಟ್ಸ್‌ನಲ್ಲಿ ಆಡುವ ವಿಡಿಯೊ ಹಾಕಿತು. ನವೆಂಬರ್ 10ರ ಫೈನಲ್‌ನಲ್ಲಿ ಅವರು 68 ಹೊಡೆದರು. ತಿಂಗಳ ಕೊನೆಗೆ ನಾಯಕ ಕೊಹ್ಲಿ, ನಮಗೇ ಸರಿಯಾದ ಮಾಹಿತಿ ಇಲ್ಲ ಎಂದು ಬಹಿರಂಗವಾಗಿ ಹೇಳಿದರು. ಕೊನೆಗೆ ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯಲ್ಲಿ ಪರೀಕ್ಷೆ ಪಾಸಾಗಿ ಕೊನೆಯ ಎರಡು ಟೆಸ್ಟ್‌ಗೆ ಹೋದರು. ಮಂಡಳಿ, ಫ್ರಾಂಚೈಸಿ, ಅಕಾಡೆಮಿ ಎಲ್ಲ ಇದ್ದ ಕಡೆಯೇ ಈ ಗತಿ. ನಿಮ್ಮ ಮನೆಯಲ್ಲಿ ಗೊಂದಲ ಆಗಿದ್ದಕ್ಕೆ ನೀವು ನಾಚಿಕೆ ಪಡಬೇಕಿಲ್ಲ.

ತಂಡದವರಿಗೆ ನನ್ನ ಹತ್ತಿರ ಒಂದೇ ಪ್ರಶ್ನೆ ಇದೆ. ನಿಮ್ಮ ಜರ್ಸಿ ಹಾಕಿಕೊಂಡು ಮುರಿದ ಕಾಲಿಗೆ ಆಪರೇಷನ್ ಬಿಲ್ ಕಟ್ಟಿದಿರಿ, ಸರಿ. ಆಮೇಲಿನ ಒಂಬತ್ತು ತಿಂಗಳ ಫಿಸಿಯೊ ಯಾರ ಲೆಕ್ಕಕ್ಕೆ? ಉತ್ತರ ಅಗ್ರಿಮೆಂಟಿನಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ತಂಗೀ, ನಿಮಗೆ ಹೇಗೆ ಗೊತ್ತಾಗಬೇಕು? ಅದೂ ಬೀರುವಿನಲ್ಲೇ ಇದೆಯಲ್ಲ.

ಅತ್ತೆಯನ್ನು ಬಿಟ್ಟುಬಿಡಿ. ಅವರ ಮೇಲೆ ನಿಮಗೆ ಇರುವಷ್ಟು ಸಿಟ್ಟು ನನಗಿಲ್ಲ. ಕಟ್ಟು ಬೇಡ ಅಂತ ಖಡಾಖಂಡಿತವಾಗಿ ಹೇಳಿ, ಆಪರೇಷನ್ ಆದ ಮಂಡಿಯನ್ನು ಯಾರೂ ತಿಕ್ಕುವುದು, ಎಳೆಯುವುದು ಬೇಡ. ಆದರೆ ಇಡೀ ಪತ್ರದಲ್ಲಿ ‘ಮಗಾ, ಕಾಲು ನೋಯ್ತದಾ?’ ಅಂತ ಕೇಳಿದವರು ಅವರೊಬ್ಬರೇ. ಉಳಿದವರೆಲ್ಲ ‘ಯಾವಾಗ ಆಡ್ತೀಯ’ ಅಂತ ಕೇಳಿದವರು.

ನಿಮ್ಮ ಯಜಮಾನರ ಮೇಲೂ ನನಗೆ ಅಂಥ ಕನಿಕರ ಬರುತ್ತಿಲ್ಲ. ಫಿಸಿಯೊ ವಿಡಿಯೊ ಕಾಲ್‌ನಲ್ಲಿ ಕೇಳಿದರೆ ‘ನೋವಿಲ್ಲ, ಊತ ಇಲ್ಲ’ ಅನ್ನುತ್ತಾರೆ. ಆಮೇಲೆ ನಿಮ್ಮ ಹತ್ತಿರ ಐಸ್ ತರಿಸುತ್ತಾರೆ. ಫಿಸಿಯೊಗೆ ಸುಳ್ಳು ಹೇಳಿದರೆ ಫಿಸಿಯೊ ಸುಳ್ಳು ಮಂಡಿಗೆ ವ್ಯಾಯಾಮ ಕೊಡುತ್ತಾರೆ, ಮಾಡುವುದು ಮಾತ್ರ ನಿಜವಾದ ಮಂಡಿ. ಲೀಗ್ ಹರಾಜಿನಲ್ಲಿ ಹೆಸರು ಬರುತ್ತದೋ ಇಲ್ಲವೋ ಅನ್ನುವ ಭಯ ಅವರಿಗಿದೆ, ಅರ್ಥವಾಗುತ್ತದೆ. ಆ ಭಯವನ್ನು ಮಾವನಿಗೆ ಹೇಳಲಾಗದೆ ಫೋನನ್ನು ನಿಮ್ಮ ಕೈಗೆ ತುರುಕುತ್ತಿದ್ದಾರೆ. ಊರಿನಲ್ಲಿ ಕೆಟ್ಟ ಹೆಸರು ನಿಮಗೆ ಬಂದದ್ದು ಹೀಗೆ. ನಾಳೆಯಿಂದ ಫೋನ್ ತಗೋಬೇಡಿ.

ಕಾಲು ಅವರದು, ಹಾಗಾಗಿ ಜವಾಬ್ದಾರಿಯೂ ಮೊದಲು ಅವರದೇ. ಆಪರೇಷನ್ ಮಾಡಿದ ಡಾಕ್ಟರು ಆಟಕ್ಕೆ ಯಾವಾಗ ಬಿಡಬಹುದು ಎಂದು ಬರೆದು ಕೊಡುತ್ತಾರೆ, ಆ ಚೀಟಿಯನ್ನು ಕಚೇರಿಗೂ ಮಾವನಿಗೂ ತೋರಿಸಬೇಕಾದವರು ನಿಮ್ಮ ಗಂಡ. ನೀವು ಐಸ್ ಇಡಬಹುದು, ಆಸ್ಪತ್ರೆಗೆ ಜೊತೆಗೆ ಹೋಗಬಹುದು. ಅಷ್ಟೇ ಸಾಕು.

ಆದರೆ ಇದ್ಯಾವುದೂ ಆ ಫೈಲ್ ಇಲ್ಲದೆ ಶುರುವಾಗುವುದಿಲ್ಲ. ಆದ್ದರಿಂದ ನಾನು ಹೇಳುವುದು ಒಂದೇ ಕೆಲಸ. ಈ ಭಾನುವಾರ ಮಾವನ ಮನೆಗೆ ಹೋಗಿ ಫೈಲ್ ತನ್ನಿ. ನೀವೊಬ್ಬರೇ ಹೋಗಬೇಡಿ. ಗಂಡನನ್ನು ಮುಂದೆ ಬಿಡಿ, ಮಾತು ಅವರೇ ಆಡಲಿ. ಜಗಳ ಬೇಡ. ಶಾಲೆಯ ಮೈದಾನದಲ್ಲಿ ಹುಡುಗನಿಗೆ ಆಟ ಕಲಿಸಿ, ಬಸ್ ಚಾರ್ಜು ಕೊಟ್ಟು ಕಳಿಸಿದ ಮನುಷ್ಯ ಅವರು, ಆ ಋಣ ಇದ್ದೇ ಇದೆ. ಹಬ್ಬದ ದಿನ ಅಳಿಯ ವೇದಿಕೆ ಮೇಲೆ ಕೂತು, ತೆಂಗಿನಕಾಯಿ ಒಡೆದು ಪಂದ್ಯ ಉದ್ಘಾಟಿಸಲಿ. ಬೇಕಾದರೆ ಶಾಲೂ ಹೊದೆಸಲಿ, ಇದೊಂದು ಸಲ ನಾನು ಸುಮ್ಮನಿರುತ್ತೇನೆ. ಫ್ಲೆಕ್ಸ್‌ನ ಖರ್ಚೂ ಹುಟ್ಟುತ್ತದೆ.

ಮಾವನವರು ‘ಎಲ್ಲಿಟ್ಟೆನೋ, ಹುಡುಕಿ ಕೊಡ್ತೀನಿ’ ಅಂದರೆ ಕಾಯುತ್ತಾ ಕೂರಬೇಡಿ. ಸೋಮವಾರವೇ ನಿಮ್ಮ ಯಜಮಾನರು ಆಪರೇಷನ್ ಆದ ಆಸ್ಪತ್ರೆಗೆ ಒಂದು ಅರ್ಜಿ ಕೊಡಲಿ. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲೇ ಇದೆ, ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟಿರಲೇಬೇಕು ಅಂತಲೂ ಇದೆ. ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಎಂಆರ್‌ಐ ಬೇರೆ ಸ್ಕ್ಯಾನ್ ಸೆಂಟರ್‌ನಲ್ಲಿ ಮಾಡಿಸಿದ್ದರೆ ಅಲ್ಲಿ ಬೇರೆಯಾಗಿ ಕೇಳಬೇಕು. ಬಿಲ್ ನಂಬರ್ ಇಲ್ಲದಿದ್ದರೆ ತಾರೀಖು ಮತ್ತು ಮೊಬೈಲ್ ನಂಬರ್ ಹೇಳಿ ಕೇಳಿ ನೋಡಿ.