ಗ್ಲಾಸ್ಗೋದಲ್ಲಿ ಒಂದು ಪದ ಬದಲಾಯ್ಸಿದ್ದಕ್ಕೆ ನಾವೇನು ವಿಲನ್ನಾ?

ಪ್ರಶ್ನೆ: ಸರ್, 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಕಲ್ಲಿದ್ದಲ ವಿಷ್ಯಕ್ಕೆ ಭಾರತ ಕೊನೇ ಗಳಿಗೇಲಿ ಅಡ್ಡಗಾಲು ಹಾಕ್ತು ಅಂತ ಮಗ ವಾದ ಮಾಡ್ತಾನೆ. ನಾವಿರೋದು ಶಕ್ತಿನಗರದ ಥರ್ಮಲ್ ಪ್ಲಾಂಟ್ ಹತ್ರ. ಒಂದು ಪದ ಬದ್ಲಾದ್ರೆ ಅಷ್ಟೊಂದು ಏನಾಗತ್ತೆ, ನಮ್ಮ ಪ್ಲಾಂಟ್ ಏನಾದ್ರೂ ಮುಚ್ತಾರಾ?
ಓದುಗರೊಬ್ಬರು, ರಾಯಚೂರು

ಉತ್ತರ: ಮಗ ಹೇಳಿದ್ದು ಸುಳ್ಳಲ್ಲ, ಆದ್ರೆ ಅರ್ಧ ಕಥೆ. ಹೊಗೆ (ಅಂದ್ರೆ ಭೂಮಿ ಬಿಸಿ ಮಾಡೋ ಕಾರ್ಬನ್ ಡೈಆಕ್ಸೈಡ್) ಹಿಡಿಯೋ ವ್ಯವಸ್ಥೆ ಇಲ್ಲದ ಕಲ್ಲಿದ್ದಲ ಕರೆಂಟನ್ನ ಹಂತಹಂತವಾಗಿ ನಿಲ್ಲಿಸೋದು, ಅಂದ್ರೆ 'ಫೇಸ್ ಔಟ್', ಅಂತ ಕರಡಲ್ಲಿತ್ತು. ನವೆಂಬರ್ 13ರ ಕೊನೇ ಸಭೇಲಿ ನಮ್ಮ ಪರಿಸರ ಸಚಿವ ಭೂಪೇಂದರ್ ಯಾದವ್ ಅದನ್ನ 'ಫೇಸ್ ಡೌನ್', ಅಂದ್ರೆ ಕಮ್ಮಿ ಮಾಡೋದು, ಅಂತ ಮಾಡ್ಸಿದ್ರು. ಅಧ್ಯಕ್ಷರಾಗಿದ್ದ ಬ್ರಿಟನ್ನಿನ ಅಲೋಕ್ ಶರ್ಮಾ (ಹುಟ್ಟಿದ್ದು ನಮ್ಮ ಆಗ್ರಾದಲ್ಲೇ!) ಎಲ್ರ ಕ್ಷಮೆ ಕೇಳ್ತಾ ಕೇಳ್ತಾ ಗಂಟಲು ಕಟ್ಟಿ ಮಾತು ನಿಲ್ಲಿಸಿಬಿಟ್ರು, ಆ ವಿಡಿಯೋ ನೋಡಿದೋರಿಗೆಲ್ಲ ಭಾರತವೇ ವಿಲನ್.

ಆದ್ರೆ ಅದಕ್ಕೆ ಮೂರು ದಿನ ಮುಂಚೆ ಬಂದ ಅಮೆರಿಕ-ಚೀನಾ ಜಂಟಿ ಹೇಳಿಕೇಲೂ ಇದೇ 'ಫೇಸ್ ಡೌನ್' ಇತ್ತು, ಆಗ ಯಾರೂ ಅಳ್ಲಿಲ್ಲ. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಕಥೆ ಇನ್ನೂ ಮಜಾ. ಶ್ರೀಮಂತ ದೇಶಗಳು ಹೊಗೆ ಇಳಿಸೋ ಗುರಿ ಇಟ್ಕೊಳ್ಳಲೇಬೇಕು ಅನ್ನೋ 'ಶಲ್' ಪದ ಅಮೆರಿಕಕ್ಕೆ ಆಗಿಬರ್ಲಿಲ್ಲ, ಅದು 'ಶುಡ್', ಅಂದ್ರೆ ಇಟ್ಕೊಂಡ್ರೆ ಒಳ್ಳೇದು, ಅಂತ ಆಯ್ತು, ಅದನ್ನ ಸಭೇಲಿ ಕಾಮಾ-ಫುಲ್‌ಸ್ಟಾಪ್ ತಿದ್ದುಪಡಿಗಳ ಜೊತೆ ಸೇರಿಸಿ ಓದಿ ಮುಗಿಸಿದ್ರು. ಹಾಗಿದ್ರೂ 2017ರಲ್ಲಿ ಅಮೆರಿಕದೋರು ಒಪ್ಪಂದ ಬಿಡ್ತೀವಿ ಅಂದ್ರು, 2021ರಲ್ಲಿ ವಾಪಸ್ ಬಂದ್ರು, 2025ರಲ್ಲಿ ಮತ್ತೆ ಹೊರಟ್ರು.

ಕಲ್ಲಿದ್ದಲಿಗೆ ಮಾತ್ರ ಹೆಸರು ಹಾಕಿ ಎಣ್ಣೆ, ಗ್ಯಾಸ್ ಬಿಟ್ಟಿದ್ದು ಯಾಕೆ ಅಂತ ನಮ್ಮೋರು ತಕರಾರು ತೆಗೆದದ್ದು ನ್ಯಾಯವೇ ಅಂತ ನನಗನಿಸತ್ತೆ. ಹಾಗಂತ ಬೀಗೋದೂ ಬೇಡ, ಒಟ್ಟು ಹೊಗೇಲಿ ಜಗತ್ತಲ್ಲಿ ಮೂರನೇ ಸ್ಥಾನ ನಮ್ದೇ, ತಲೆಗೆ ಲೆಕ್ಕ ಹಾಕಿದ್ರೆ ಮಾತ್ರ ಕಮ್ಮಿ.

ಪ್ಲಾಂಟ್ ವಿಷ್ಯ: ಈ ಒಪ್ಪಂದಗಳು ಯಾವ ಪ್ಲಾಂಟಿಗೂ ಡೇಟ್ ಹಾಕಲ್ಲ, ಪ್ಯಾರಿಸ್ ಪ್ರಕಾರ ಯಾವ ದೇಶದ ಗುರಿ ಆ ದೇಶವೇ ಬರ್ಕೊಳ್ಳೋದು. ನಾವು ಬರ್ಕೊಂಡಿರೋದು 2070ಕ್ಕೆ ನೆಟ್ ಜೀರೋ, ಅಂದ್ರೆ ಬಿಡೋ ಹೊಗೆಯಷ್ಟನ್ನೇ ಗಾಳಿಯಿಂದ ವಾಪಸ್ ತೆಗೆಯೋದು. ಕರೆಂಟ್ ತಯಾರಿಸೋ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು-ಗ್ಯಾಸ್ ಅಲ್ಲದ್ದು ಆಗ್ಬೇಕು ಅನ್ನೋ 2030ರ ಗುರಿ 2025ಕ್ಕೇ ಮುಟ್ಟಿದ್ವಿ. ಸಾಮರ್ಥ್ಯ ಬೇರೆ, ನಿಜವಾಗಿ ಬರೋ ಕರೆಂಟ್ ಬೇರೆ, ಅದ್ರಲ್ಲಿ ಕಲ್ಲಿದ್ದಲದ್ದೇ ಈಗ್ಲೂ ದೊಡ್ಡ ಪಾಲು. ಪಾವಗಡದ ಸೋಲಾರ್ ಸಂಜೆ ಆರೂವರೆಗೆ ಮಲಗುತ್ತೆ, ನೀವು ಟಿವಿ ಹಾಕೋದೇ ಆಗ. ಆ ಹೊತ್ತಿಗೆ ಬ್ಯಾಟರಿ ಸಾಕಷ್ಟು ಬರೋವರ್ಗೂ ಶಕ್ತಿನಗರದ ಬಾಯ್ಲರ್ ಉರೀತಾನೇ ಇರುತ್ತೆ.