ನೆರಳಲ್ಲಿ ಕೂತವನು, ಊರು ಬಿಟ್ಟವನು

ಪ್ರಶ್ನೆ: ಸರ್, ರೋಮನ್ ಕವಿ ವರ್ಜಿಲ್‌ನ ‘ಎಕ್ಲಾಗ್ಸ್’ ಎಂಬ ದನಗಾಹಿಗಳ ಕವನಗಳ ಸಂಕಲನದ ಮೊದಲ ಕವನ ಓದಿದೆ. ಮುದುಕ ಟಿಟಿರಸ್ ಮರದ ಕೆಳಗೆ ಕೊಳಲೂದುತ್ತಾನೆ. ಮೆಲಿಬೋಯಸ್ ಆಡು ಹೊಡೆದುಕೊಂಡು ಊರು ಬಿಡುತ್ತಾನೆ. ಇದು ಮುಂದೆ ರೋಮ್‌ನ ಚಕ್ರವರ್ತಿ ಅಗಸ್ಟಸ್ ಆದ ಆಕ್ಟೇವಿಯನ್‌ನನ್ನು ಹೊಗಳಲು ಬರೆದದ್ದು ಅಂತ ಒಂದು ಗೈಡಿನಲ್ಲಿದೆ. ಹೌದಾ?
– ಬಿ.ಎ. ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ತಂಗೀ, ಹೊಗಳಿಕೆ ಇದೆ. ಆದರೆ ಅದನ್ನು ಯಾರ ಎದುರು ಹೇಳಿಸಿದ್ದಾನೆ ನೋಡು.

ಕ್ರಿ.ಪೂ. 42ರಲ್ಲಿ ಜೂಲಿಯಸ್ ಸೀಸರ್‌ನನ್ನು ಕೊಂದವರು ಫಿಲಿಪ್ಪಿ ಎಂಬಲ್ಲಿ ನಡೆದ ಯುದ್ಧದಲ್ಲಿ ಸೋತರು. ಗೆದ್ದ ಆಕ್ಟೇವಿಯನ್ ಕಡೆಯ ಸೈನಿಕರಿಗೆ ಭೂಮಿ ಕೊಡಬೇಕಿತ್ತು. ಅದಕ್ಕೆ ಇಟಲಿಯ ಎಷ್ಟೋ ಊರುಗಳ ರೈತರ ಹೊಲ ಕಿತ್ತುಕೊಂಡರು. ಆ ಕೆಲಸ ಆಕ್ಟೇವಿಯನ್‌ನ ಪಾಲಿಗೆ ಬಂತು.

ಟಿಟಿರಸ್ ರೋಮ್‌ಗೆ ಹೋಗಿದ್ದ. ಅಲ್ಲೊಬ್ಬ ಯುವಕ ‘ಮೊದಲಿನ ಹಾಗೇ ದನ ಮೇಯಿಸಿಕೊಂಡಿರಿ’ ಅಂದ. ಅವನೇ ನನಗೆ ದೇವರು ಎನ್ನುತ್ತಾನೆ ಮುದುಕ. ಹೆಸರು ಎಲ್ಲೂ ಬರುವುದಿಲ್ಲ. ಆಕ್ಟೇವಿಯನ್ ಎಂದೇ ಓದುಗರು ಹಿಂದಿನಿಂದ ತಿಳಿದಿದ್ದಾರೆ.

ಇದನ್ನೆಲ್ಲ ನಿಂತು ಕೇಳುವವನು ಮೆಲಿಬೋಯಸ್. ಅವನ ಆಡು ಆಗಷ್ಟೇ ಬರಿ ಕಲ್ಲಿನ ಮೇಲೆ ಅವಳಿ ಮರಿ ಹಾಕಿದೆ. ಮರಿಗಳನ್ನು ಅಲ್ಲೇ ಬಿಟ್ಟು ಬಂದಿದ್ದಾನೆ. ಅವನು ಹದ ಮಾಡಿದ ಹೊಲ ಈಗ ಯಾವನೋ ಸಿಪಾಯಿಯದು. ನಾಗರಿಕರ ಒಳಜಗಳ ನಮ್ಮನ್ನು ಎಲ್ಲಿಗೆ ತಂದಿತು, ಯಾರಿಗೋಸ್ಕರ ಬಿತ್ತಿದೆವು ಎಂದು ಕೇಳುತ್ತಾನೆ. ಆಮೇಲೆ ತನಗೆ ತಾನೇ, ‘ಮೆಲಿಬೋಯಸ್, ಈಗ ಪೇರ್ ಗಿಡಕ್ಕೆ ಕಸಿ ಕಟ್ಟು, ದ್ರಾಕ್ಷಿ ಬಳ್ಳಿ ಸಾಲಾಗಿ ನೆಡು’ ಎನ್ನುತ್ತಾನೆ. ಈ ಮಾತು ಓದುವಾಗ ನನಗೆ ಇವತ್ತಿಗೂ ಗಂಟಲು ಬಿಗಿಯುತ್ತದೆ. ಹೊಗಳಿಕೆ ಮಾತ್ರ ಬೇಕಿದ್ದ ಕವಿ ಇವನನ್ನು ಯಾಕೆ ತರುತ್ತಿದ್ದ?

ಕರನಿರಾಕರಣೆಯ ಕಾಲದಲ್ಲಿ ನಿಮ್ಮ ಅಂಕೋಲೆಯಲ್ಲೂ ಸಿದ್ದಾಪುರದಲ್ಲೂ ರೈತರ ಜಮೀನು ಜಪ್ತಿಯಾಗಿತ್ತು. ಆದರೆ ಅವರು ತಿಳಿದೇ ಕರ ನಿಲ್ಲಿಸಿದವರು, ಯಾತಕ್ಕೆ ಕಳೆದುಕೊಂಡೆವು ಎಂದು ಹೇಳಬಲ್ಲವರು. ಮೆಲಿಬೋಯಸ್‌ಗೆ ಆ ಸಮಾಧಾನವೂ ಇಲ್ಲ. ಅವನು ಸುಮ್ನೆ ಬೇಸಾಯ ಮಾಡಿಕೊಂಡಿದ್ದವನು.

ಟಿಟಿರಸ್ ಅಂದರೆ ವರ್ಜಿಲನೇ, ಉಳಿದ ಜಮೀನಿಗೆ ಕೃತಜ್ಞತೆ ಹೇಳುತ್ತಿದ್ದಾನೆ ಅಂತ ಹಳೆಯ ವ್ಯಾಖ್ಯಾನಕಾರ ಸರ್ವಿಯಸ್ ಬರೆದ. ನಾನು ಒಪ್ಪುವುದಿಲ್ಲ. ಟಿಟಿರಸ್ ಗಡ್ಡ ಬೆಳ್ಳಗಾದವನು, ದಾಸ್ಯದಿಂದ ತಡವಾಗಿ ಬಿಡುಗಡೆ ಪಡೆದವನು. ಆಗ ವರ್ಜಿಲ್‌ಗೆ ಸುಮಾರು ಮೂವತ್ತು. ಕವಿಯನ್ನು ಆ ಮುದುಕನಿಗೆ ಅಂಟಿಸಿದರೆ ಮೆಲಿಬೋಯಸ್‌ನ ಮಾತಿಗೆ ಬೆಲೆಯೇ ಉಳಿಯುವುದಿಲ್ಲ, ಅಲ್ವಾ?

ಹಾಗಂತ ಇದು ಗುಟ್ಟಾಗಿ ಬರೆದ ವಿರೋಧ ಅಂತಲೂ ನಾನು ಹೇಳಲಾರೆ. ಟಿಟಿರಸ್‌ನ ಸಂತೋಷ ನಿಜವಾದದ್ದೇ. ಒಬ್ಬನಿಗೆ ಹೊಲ ಉಳಿಸಿಕೊಟ್ಟ ಅಧಿಕಾರವೇ ಪಕ್ಕದವನದನ್ನು ಕಿತ್ತುಕೊಂಡಿದೆ. ವರ್ಜಿಲ್ ಈ ಎರಡನ್ನೂ ಒಂದೇ ಮಾತುಕತೆಯಲ್ಲಿ ಇಟ್ಟ. ನನಗೆ ಕಾಣುವ ರಾಜಕೀಯ ಇದು.

ಮುಂದೆ 9ನೇ ಕವನ ಓದು. ಅಲ್ಲಿ ಮೋಯ್ರಿಸ್ ಎಂಬವನು, ಆಯುಧಗಳ ನಡುವೆ ನಮ್ಮ ಹಾಡು ಹದ್ದು ಬಂದಾಗಿನ ಪಾರಿವಾಳದಷ್ಟೇ ಎನ್ನುತ್ತಾನೆ. ಅಲ್ಲಿ ಮಾಂಟುವಾದ ಹೆಸರನ್ನೂ ನೇರವಾಗಿ ಹೇಳಿದೆ. ಜಮೀನು ಕಿತ್ತುಕೊಂಡ ಊರುಗಳಲ್ಲೊಂದಾದ ಕ್ರೆಮೋನಾಕ್ಕೆ ತೀರಾ ಹತ್ತಿರ ಇದ್ದದ್ದೇ ಅದರ ದುರದೃಷ್ಟವಂತೆ. ಮಾಂಟುವಾ ವರ್ಜಿಲ್ ಹುಟ್ಟಿದ ಸೀಮೆ.