ಕಾಯಿಲೆ ಬೇರೆ, ಕಾರಣ ಬೇರೆ: ‘ಹವಾನಾ ಸಿಂಡ್ರೋಮ್’ ಲೇಖನ ಕಳಿಸಿದವರಿಗೆ

ಪ್ರಿಯ ಶಾಲಿನಿ ಅವರೇ,

ಕ್ಯೂಬಾದ ರಾಜಧಾನಿ ಹವಾನಾದಲ್ಲಿ ಅಮೆರಿಕದ ರಾಜತಾಂತ್ರಿಕರಿಗೆ ಕಾಣಿಸಿಕೊಂಡ ವಿಚಿತ್ರ ಕಾಯಿಲೆ ‘ಹವಾನಾ ಸಿಂಡ್ರೋಮ್’ ಬಗ್ಗೆ ನೀವು ಬರೆದ ‘ಕಾಣದ ಕಿರಣಗಳ ದಾಳಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಅದಕ್ಕೇ ಈ ಪತ್ರ.

ಮೊದಲ ಸಾಲಿನಲ್ಲೇ ‘ರಷ್ಯಾದ ಆಯುಧ ಅಮೆರಿಕದ ರಾಜತಾಂತ್ರಿಕರ ಮಿದುಳನ್ನು ಸುಟ್ಟಿತು’ ಎಂದು ಬರೆದಿದ್ದೀರಿ. ನಾಲ್ಕನೇ ಪುಟದಲ್ಲಿ ‘ಇದೆಲ್ಲ ಬರೀ ಭ್ರಮೆ’ ಎನ್ನುತ್ತೀರಿ. ಎರಡು ಕಡೆಯೂ ತೀರ್ಪು ಕೊಟ್ಟಿದ್ದೀರಿ. ಎರಡು ಕಡೆಯೂ ಕಾಯಿಲೆ ಬಿದ್ದವರೇ ಕಾಣಿಸುವುದಿಲ್ಲ. ನನ್ನ ದೊಡ್ಡ ತಕರಾರು ಇದೇ.

ನಿಮ್ಮ ಎರಡನೇ ಪುಟದಲ್ಲಿ ಒಂದು ಪ್ಯಾರಾ ಇದೆ. 2016ರ ಕೊನೆ, ಹವಾನಾ. ಅಮೆರಿಕದ ರಾಯಭಾರ ಕಚೇರಿಯವರಿಗೆ ಮನೆಯಲ್ಲಿ ಇದ್ದಕ್ಕಿದ್ದಂತೆ ಕರ್ಕಶ ಸದ್ದು ಕೇಳುತ್ತದೆ. ಕಿವಿ ಒತ್ತಿದ ಹಾಗಾಗುತ್ತದೆ, ತಲೆ ಸುತ್ತುತ್ತದೆ. ಕೆಲವರಿಗೆ ನಿಂತ ಜಾಗದಿಂದ ಪಕ್ಕಕ್ಕೆ ಸರಿದರೆ ಸದ್ದು ನಿಲ್ಲುತ್ತದೆ. ಆಮೇಲೆ ತಿಂಗಳುಗಟ್ಟಲೆ ನಿದ್ದೆ ಇಲ್ಲ, ನೆನಪು ಕೈಕೊಡುತ್ತದೆ. ಆ ಪ್ಯಾರಾ ತುಂಬಾ ಚೆನ್ನಾಗಿದೆ. ಲೇಖನ ಅಲ್ಲಿಂದಲೇ ಶುರುವಾಗಬೇಕು.

ಇನ್ನು ಹುಳದ ವಿಷಯ. 2017ರ ಅಕ್ಟೋಬರ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಆ ಸದ್ದಿನ ಒಂದು ರೆಕಾರ್ಡಿಂಗ್ ಹೊರಗೆ ಬಿಟ್ಟಿತು. 2019ರ ಜನವರಿಯಲ್ಲಿ ಇಬ್ಬರು ಜೀವವಿಜ್ಞಾನಿಗಳು ಅದು ಕೆರಿಬಿಯನ್ ಪ್ರದೇಶದ ಒಂದು ಚಿಮ್ಮಂಡೆಯ ಕೂಗಿಗೆ ಹೊಂದುತ್ತದೆ ಎಂದು ತೋರಿಸಿದರು. ಮಲೆನಾಡಿನ ರಾತ್ರಿಯಲ್ಲಿ ಕಿರ್ರೆನ್ನುವ ಹುಳಗಳ ಜಾತಿಯೇ ಅದು. ಇಷ್ಟನ್ನು ಹಿಡಿದು ‘ಹುಳಕ್ಕೆ ಹೆದರಿದ ಅಮೆರಿಕ’ ಎಂದು ನಗೆಯಾಡಿದ್ದೀರಿ. ಆ ಸಂಶೋಧನೆ ರೆಕಾರ್ಡಿಂಗ್‌ನಲ್ಲಿದ್ದ ಸದ್ದು ಯಾವುದೆಂದು ಹೇಳಿತು, ಅಷ್ಟೇ. ತಲೆ ಸುತ್ತು ಯಾಕೆ ಬಂತು ಎಂದು ಹೇಳಲಿಲ್ಲ. ಈ ನಗೆಯನ್ನು ದಯವಿಟ್ಟು ತೆಗೆದುಹಾಕಿ.

‘ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ, ಹಾಗಾಗಿ ಕಾಯಿಲೆಯೇ ಇಲ್ಲ’ ಎಂಬ ಸಾಲು ನನಗೆ ನೋವು ಕೊಟ್ಟಿತು. ನನ್ನ ಅಮ್ಮ ಎರಡು ವರ್ಷ ಗೋಡೆ ಹಿಡಿದೇ ನಡೆದರು. ರಿಪೋರ್ಟ್ ಎಲ್ಲ ನಾರ್ಮಲ್ ಎಂದು ಕೇಳಿದಾಗಲೆಲ್ಲ ಅವರ ಮುಖ ಇಳಿದುಹೋಗುತ್ತಿತ್ತು. ನೀವು ಹೇಳುವ ಅಧ್ಯಯನ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ್ದು. 80ಕ್ಕೂ ಹೆಚ್ಚು ಜನರ ಎಂಆರ್‌ಐ ನೋಡಿದರು. ಮಿದುಳಿಗೆ ಪೆಟ್ಟಾದ ಗುರುತು ಕಾಣಲಿಲ್ಲ, ನಿಜ. ಆದರೆ ಅದೇ ಅಧ್ಯಯನ ಅವರಲ್ಲಿ ಸುಸ್ತು, ಖಿನ್ನತೆ, ನಡೆಯುವಾಗ ಸಮತೋಲನ ತಪ್ಪುವುದು ಜಾಸ್ತಿ ಇತ್ತು ಎಂದೂ ಹೇಳಿದೆ. ಸುಮಾರು 28 ಶೇಕಡಾ ಜನರಿಗೆ ನರಮಂಡಲದ ರಚನೆ ಸರಿಯಿದ್ದೂ ಕೆಲಸ ಏರುಪೇರಾಗುವ ತೊಂದರೆ ಇತ್ತು. ಅದು ನಟನೆಯಲ್ಲ, ವೈದ್ಯರು ಹೆಸರಿಟ್ಟು ಚಿಕಿತ್ಸೆ ಕೊಡುವ ಕಾಯಿಲೆ. ಅರ್ಧ ಮಾತ್ರ ಓದಿ ಬರೆದಿರೇನೋ ಅನ್ನಿಸಿತು.

ಕಾರಣದ ವಿಚಾರಕ್ಕೂ ಇದೇ ಮಾತು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವಿಜ್ಞಾನ ಸಂಸ್ಥೆ ನ್ಯಾಷನಲ್ ಅಕಾಡೆಮೀಸ್‌ನ ಸಮಿತಿ, ಗುರಿಯಿಟ್ಟು ಬಿಟ್ಟ ರೇಡಿಯೋ ತರಂಗಗಳೇ ಆ ಲಕ್ಷಣಗಳಿಗೆ ಹೆಚ್ಚು ಹೊಂದುತ್ತವೆ ಎಂದಿತು. 2023ರ ಮಾರ್ಚ್‌ನಲ್ಲಿ ಅಲ್ಲಿನ ಹೆಚ್ಚಿನ ಗುಪ್ತಚರ ಸಂಸ್ಥೆಗಳು ಶತ್ರುದೇಶದ ಕೈವಾಡ ಇರುವ ಸಾಧ್ಯತೆ ತೀರಾ ಕಡಿಮೆ ಎಂದವು. 2025ರ ಜನವರಿಯಲ್ಲಿ ಎರಡು ಸಂಸ್ಥೆಗಳು ಆ ಮಾತನ್ನು ಸ್ವಲ್ಪ ಸಡಿಲಿಸಿದವು. ಮೊದಲನೆಯದು ನಿಮ್ಮ ಮೊದಲ ಪುಟದಲ್ಲಿದೆ, ಎರಡನೆಯದು ನಾಲ್ಕನೇ ಪುಟದಲ್ಲಿದೆ, ಮೂರನೆಯದು ಎಲ್ಲೂ ಇಲ್ಲ. ಮೂರನ್ನೂ ಅಕ್ಕಪಕ್ಕ ಇಡಿ. ಓದುವವರು ಜಾಣರು, ಗೊಂದಲವನ್ನು ಗೊಂದಲವಾಗಿಯೇ ತೋರಿಸಿದರೆ ಅವರಿಗೆ ಬೇಜಾರಾಗುವುದಿಲ್ಲ.

ಮಾಸ್ಕೋ ಕಥೆ ಎರಡು ಪುಟ ತಿಂದಿದೆ, ಒಂದು ಪ್ಯಾರಾ ಸಾಕು. 1950ರ ದಶಕದಿಂದ 1970ರ ದಶಕದವರೆಗೆ ಅಲ್ಲಿನ ಅಮೆರಿಕದ ರಾಯಭಾರ ಕಚೇರಿಯತ್ತ ಸೋವಿಯತ್‌ನವರು ಮೈಕ್ರೋವೇವ್ ಬಿಡುತ್ತಿದ್ದರು. 1978ರ ಅಧ್ಯಯನಕ್ಕೆ ಅದರಿಂದ ರೋಗ ಬಂದದ್ದಕ್ಕೆ ಆಧಾರ ಸಿಗಲಿಲ್ಲ. ಆದರೆ ನೌಕರರಿಗೆ ಎಷ್ಟೋ ವರ್ಷ ವಿಷಯವನ್ನೇ ತಿಳಿಸಿರಲಿಲ್ಲ. ನೀವು ಬಿಟ್ಟಿರುವುದು ಅದನ್ನೇ. ಹವಾನಾದವರು ಸರ್ಕಾರದ ಮಾತನ್ನು ಯಾಕೆ ಸುಲಭವಾಗಿ ನಂಬಲಿಲ್ಲ ಎಂದು ಅರ್ಥವಾಗಲು ಅದು ಬೇಕು, ಅಲ್ವಾ?

ದೆಹಲಿ ಬಗ್ಗೆ ಒಂದು ಮಾತು. 2021ರ ಸೆಪ್ಟೆಂಬರ್‌ನಲ್ಲಿ ಸಿಐಎ ನಿರ್ದೇಶಕರ ಜೊತೆ ಭಾರತಕ್ಕೆ ಬಂದಿದ್ದ ಒಬ್ಬರಿಗೆ ಇಂಥ ಲಕ್ಷಣ ಕಾಣಿಸಿಕೊಂಡಿತೆಂದು ವರದಿಯಾಗಿತ್ತು. ನೀವು ಅದನ್ನು ‘ದೆಹಲಿಯ ಮೇಲೂ ದಾಳಿ’ ಮಾಡಿಬಿಟ್ಟಿದ್ದೀರಿ. ವರದಿ ಹೇಳಿದಷ್ಟೇ ಬರೆಯಿರಿ.

ಕೊನೆಗೆ, ಅದೇ ವರ್ಷ ಅಕ್ಟೋಬರ್‌ನಲ್ಲಿ ಸಹಿಯಾದ ‘ಹವಾನಾ ಆಕ್ಟ್’ ನಿಮ್ಮ ಲೇಖನದಲ್ಲೇ ಇಲ್ಲ. ಯಾರು ಮಾಡಿದ್ದು ಎಂದು ತೀರ್ಮಾನವಾಗುವ ಮೊದಲೇ ತೊಂದರೆಯಾದವರಿಗೆ ಹಣದ ನೆರವು ಕೊಡಲು ದಾರಿ ಮಾಡಿದ ಕಾನೂನು ಅದು. ಅದಕ್ಕೆ ಅರ್ಧ ಪುಟವನ್ನಾದರೂ ಕೊಡಿ.

ಎರಡನೇ ಪುಟದ ಆ ಪ್ಯಾರಾವನ್ನು ಮುಟ್ಟಬೇಡಿ. ಉಳಿದದ್ದನ್ನು ತಿದ್ದಿ ಮುಂದಿನ ತಿಂಗಳು ಕಳಿಸಿ, ನಾನೇ ಕೂತು ಓದುತ್ತೇನೆ. ಶೀರ್ಷಿಕೆಯನ್ನು ಆಮೇಲೆ ನೋಡೋಣ.

ನಿಮ್ಮ,
ಸಂಪಾದಕ